ಹಂಗಾದ್ರ ಅಳಸ್ರಿ

ಗೋವಾದ ಕುಡಚಡೆಯ ರೈಲು ನಿಲ್ದಾಣದ ಹಿಂದಿದ್ದ ನಮ್ಮ ಕನ್ನಡ ಶಾಲೆಯ ತಗಡಿನ ಮಾಡಿನಲ್ಲಿ ಒಂದು ತೂತಿತ್ತು. ಯಾವಾಗಲೋ ಮೊಳೆ ಕಿತ್ತುಹೋಗಿ ಆದದ್ದು. ಮಳೆಗಾಲದಲ್ಲಿ ಅದರಡಿ ಬಕೆಟ್ ಇಡುತ್ತಿದ್ದೆವು. ಉಳಿದ ತಿಂಗಳುಗಳಲ್ಲಿ ಅದರಿಂದ ನಾಣ್ಯದಗಲದ ಒಂದು ದುಂಡು ಬಿಸಿಲು ಇಳಿದು, ನೆಲದ ಮೇಲೆ ಕುಳಿತು, ನಿಧಾನವಾಗಿ ಸರಿಯುತ್ತಿತ್ತು. ಬೇಸಿಗೆ ರಜೆ ಬಂತೆಂದರೆ ಶಾಲೆ ನಡೆಸುವ ಸಂಘದವರು ಡಾಂಬರು ಹಿಡಿದು ಅದನ್ನು ಮುಚ್ಚಲು ಬರುವರು. ಅಕ್ಕೋರು ಏಣಿಗೆ ಅಡ್ಡ ನಿಲ್ಲುವರು.

"ಅದು ತೂತಲ್ರೀ, ನಮ್ಮ ದುರ್ಬೀನು. ಮುಚ್ಚಿದ್ರ ನನ್ನೂ ಸೇರಿಸಿ ಮುಚ್ರಿ."

ಅಕ್ಕೋರು ಎಂದರೆ ನಮ್ಮ ಕಡೆ ಶಾಲೆಯ ಶಿಕ್ಷಕಿ. ಅವರಿಗೊಂದು ಹೆಸರೂ ಇತ್ತು, ಹಾಜರಿ ಪುಸ್ತಕದಲ್ಲಿ. ಆ ಹೆಸರಿನಿಂದ ಯಾರಾದರೂ ಕರೆದದ್ದನ್ನು ನಾನು ಕೇಳಲಿಲ್ಲ. ಅವರು ತೀರಿಕೊಂಡರೆಂದು ಕಳೆದ ವಾರ ಫೋನ್ ಬಂತು. ಈ ವರ್ಷ ಗಣಿ ನಿಂತಿತು, ಅದಿರಿನ ಟ್ರಕ್ಕುಗಳು ರಸ್ತೆಬದಿಗೆ ನಿಂತವು, ಗಣಿ ಕೆಲಸಕ್ಕೆ ಬಂದಿದ್ದ ನಮ್ಮ ಜನ ಗಂಟುಮೂಟೆ ಕಟ್ಟಿ ವಿಜಯಪುರದ ರೈಲು ಹತ್ತಿದರು. ಶಾಲೆಯಲ್ಲಿ ಕೊನೆಗೆ ಬೆರಳೆಣಿಕೆಯ ಮಕ್ಕಳು ಉಳಿದಿದ್ದರಂತೆ. ಅವರಿಗೂ ಅಕ್ಕೋರು ಪಾಠ ಮಾಡುತ್ತಲೇ ಇದ್ದರಂತೆ.

ಅವರ ಬಗ್ಗೆ ಬರೆಯಲು ಕುಳಿತರೆ ನನಗೆ ನನ್ನ ನೆನಪಿನ ಮೇಲೆಯೇ ಅನುಮಾನ. ಅವರು ಹೇಳಿದ ಕೆಲವು ಮಾತು ಅವರದೋ, ನಾನೇ ಆಮೇಲೆ ಹೊಂದಿಸಿಕೊಂಡದ್ದೋ ತಿಳಿಯುತ್ತಿಲ್ಲ. ಧಾರವಾಡದಲ್ಲಿ ಭೌತಶಾಸ್ತ್ರದ ಎಂಎಸ್ಸಿ ಮುಗಿಸಿ, ಬೇರೆ ಏನಾದರೂ ಸಿಗುವವರೆಗೆ ಆರು ತಿಂಗಳು ಎಂದುಕೊಂಡು ಆ ಶಾಲೆಗೆ ಬಂದವನು ನಾನು. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಪ್ರತಿ ವಾರ ಎಲ್ಲಿಗಾದರೂ ಅರ್ಜಿ ಹಾಕುತ್ತಿದ್ದೆ. ಹೋಗಲಿಲ್ಲ. ಎಂಟು ವರ್ಷ ಯಾಕೆ ಉಳಿದೆ ಎಂದು ಕೇಳಿದರೆ ನೆಟ್ಟಗೆ ಉತ್ತರವಿಲ್ಲ. ಅರ್ಧ ಉತ್ತರ ಅಕ್ಕೋರೇ.

ಅವರ ಮೇಲ್ತುಟಿ ಹುಟ್ಟುವಾಗ ಸೀಳಿತ್ತು. ಸ್ವಲ್ಪ ದೊಡ್ಡವರಾದ ಮೇಲೆ ಮೀರಜಿಗೆ ಕರೆದೊಯ್ದು ಹೊಲಿಸಿದ್ದರು. ಮೂಗಿನಿಂದ ತುಟಿಯವರೆಗೆ ಒಂದು ಬಿಳಿ ಗೆರೆ, ಮಾತಿನಲ್ಲಿ ಮೂಗಿನಿಂದ ಸೋರುವ ಸ್ವಲ್ಪ ಗಾಳಿ. ನಗುವಾಗ ಅಂಥ ತುಟಿಯವರು ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುವಂತೆ ಅವರು ಇಟ್ಟುಕೊಳ್ಳುತ್ತಿರಲಿಲ್ಲ. ಊರಲ್ಲಿ ಅವರಿಗೆ ಬಿದ್ದ ಹೆಸರು ಗ್ರಹಣದ ಅಕ್ಕೋರು. ಬಸುರಿ ಗ್ರಹಣದ ಹೊತ್ತಿನಲ್ಲಿ ಏನನ್ನಾದರೂ ಹೆಚ್ಚಿದರೆ ಮಗುವಿನ ತುಟಿ ಸೀಳುತ್ತದೆ ಎಂಬುದು ನಮ್ಮವರ ಗಟ್ಟಿ ನಂಬಿಕೆ. ಅವರ ಅವ್ವ ಸವತಿಕಾಯಿ ಹೆಚ್ಚಿದ್ದಳಂತೆ.

ಆಕಾಶದ ಪಾಠವನ್ನು ಅವರು ವಿಜ್ಞಾನದ ಪೀರಿಯಡ್‌ನಲ್ಲಿ ಮಾಡುತ್ತಿರಲಿಲ್ಲ. ಇತಿಹಾಸದಲ್ಲಿ ಮಾಡುತ್ತಿದ್ದರು. ನಾನು ಸೇರಿದ ಹೊಸದರಲ್ಲಿ ಒಂದು ದಿನ ಅವರ ತರಗತಿಯ ಹೊರಗೆ ನಿಂತು ಕೇಳಿ ದಿಗಿಲಾಯಿತು. ಭೂಮಿ ನಿಂತಿದೆ, ಸೂರ್ಯ ಸುತ್ತುತ್ತಾನೆ ಎಂದು ಮಕ್ಕಳ ಬಾಯಿಂದಲೇ ಹೇಳಿಸಿ ಸಾಧಿಸುತ್ತಿದ್ದರು!

"ಹೇಳ್ರೋ, ಭೂಮಿ ತಿರಗೂದಿಲ್ಲ ಅಂತ ಹೆಂಗ ಗೊತ್ತು?"

"ಅಕ್ಕೋರ, ತಿರಗಿದ್ರ ತಲಿ ಗಿಮ್ಮ್ ಅನ್ನಬೇಕಿತ್ರಿ."

"ಹೌದು. ಮತ್ತ?"

"ಅಕ್ಕೋರ, ಭೂಮಿನ ತಿರಗತೈತಿ ಅಂದ್ರ ನಮ್ಮಪ್ಪ ಟ್ರಕ್ ಯಾಕ ಓಡಸ್ಬೇಕ್ರಿ? ನಿಂತಲ್ಲೇ ನಿಂದ್ರಲಿ, ಬಂದರಾನ ಬರತೈತಿ."

ತರಗತಿಯೆಲ್ಲ ನಕ್ಕಿತು. ಅಕ್ಕೋರು ಎಲ್ಲರಿಗಿಂತ ಜೋರಾಗಿ.

ಪೀರಿಯಡ್ ಮುಗಿದ ಮೇಲೆ ನಾನು ಸ್ವಲ್ಪ ಗಡುಸಾಗಿಯೇ ಕೇಳಿದೆ, ಇದೇನು ತಪ್ಪು ಕಲಿಸುತ್ತಿದ್ದೀರಿ ಎಂದು. ಅವರು ಸೀಮೆಸುಣ್ಣದ ಕೈ ಸೆರಗಿಗೆ ಒರೆಸಿಕೊಂಡರು.

"ಸರ್, ಸಾವಿರಾರು ವರ್ಷ ಶ್ಯಾಣ್ಯಾ ಶ್ಯಾಣ್ಯಾ ಮಂದಿ ಹಿಂಗ ನಂಬಿದ್ರು. ಅವ್ರೇನು ಹುಚ್ಚರಲ್ಲ. ಹೊರಗ ನಿಂತು ನೋಡ್ರಿ, ಯಾವುದು ತಿರಗಿದಂಗ ಕಾಣತೈತಿ? ಈ ಹುಡುಗೂರು ಮದಲ ಅವ್ರ ಮನಿಯಾಗ ಒಂದು ತಿಂಗಳ ಇದ್ದು ಬರಲಿ. ಆಮ್ಯಾಲ ಮನಿ ಬಿಡೂದು ಎಷ್ಟು ಕಠಿಣ ಅಂತ ತಿಳೀತೈತಿ."

ತಿಂಗಳಾದ ಮೇಲೆ ಮಕ್ಕಳನ್ನು ನಿಲ್ದಾಣಕ್ಕೆ ಕರೆದೊಯ್ದರು. ನಿಂತ ಪ್ಯಾಸೆಂಜರ್ ಗಾಡಿಯಲ್ಲಿ ಕೂರಿಸಿದರು. ಪಕ್ಕದ ಹಳಿಯ ಅದಿರಿನ ಗಾಡಿ ಹೊರಟಾಗ ಮಕ್ಕಳು ತಮ್ಮ ಗಾಡಿಯೇ ಹೊರಟಿತೆಂದು ಕೂಗಿ, ಇಳಿಯಲು ಬಾಗಿಲಿಗೆ ಓಡಿದರು. "ಕುಂದರ್ರಿ, ಕುಂದರ್ರಿ! ಯಾವುದು ಹೊಂಟತಿ ನೋಡ್ರಿ" ಎಂದು ಅಕ್ಕೋರು ಒಳಗಿಂದ ಕೂಗುತ್ತಿದ್ದರು. ಟಿಕೆಟ್ ಕೇಳಲು ಬಂದವನು ಕೊಂಕಣಿಯಲ್ಲಿ ಬೈದನೋ, ತಾನೂ ಕೂತು ನೋಡಿದನೋ, ಅದು ನೆನಪಿಲ್ಲ. ಕೂತು ನೋಡಿದ ಎಂದು ಅಕ್ಕೋರು ಹೇಳುತ್ತಿದ್ದರು. ಅವರಿಗೆ ಕತೆಯನ್ನು ಸ್ವಲ್ಪ ಉಬ್ಬಿಸುವ ಚಟವಿತ್ತು.

ಆ ಚಟದಿಂದ ತಪ್ಪುಗಳೂ ಆಗುತ್ತಿದ್ದವು. ಯಾವ ಖಗೋಳಜ್ಞನ ಹೆಸರನ್ನೂ ಅವರು ಹೇಳುತ್ತಿರಲಿಲ್ಲ. ಹೆಸರು ಹೇಳಿದರೆ ಮಕ್ಕಳು ಹೆಸರನ್ನು ಬಾಯಿಪಾಠ ಮಾಡಿ ಮಾತನ್ನು ಮರೆಯುತ್ತವೆ ಎಂಬುದು ಅವರ ವಾದ. ಪೋಲೆಂಡಿನ ಚರ್ಚಿನ ಕಾರಭಾರಿ, ಇಟಲಿಯ ಮುದುಕ, ನಮ್ಮ ಪಾಟಲಿಪುತ್ರದ ಕಡೆಯ ಹುಡುಗ, ಹೀಗೆ. ಇಟಲಿಯ ಮುದುಕ ದುರ್ಬೀನಿನಿಂದ ಸೂರ್ಯನನ್ನು ನೋಡಿ ನೋಡಿಯೇ ಕುರುಡಾದ ಎಂದು ಬಣ್ಣಿಸಿ ಬೋರ್ಡಿನ ಮೇಲೂ ಬರೆದಿದ್ದರು. ಹಾಗಲ್ಲ, ಅವನ ಕಣ್ಣು ಹೋದದ್ದು ಮುಪ್ಪಿನ ಬೇನೆಯಿಂದ ಎಂದು ನಾನು ಹೇಳಿದೆ. ಮಕ್ಕಳ ಮುಂದೆ ಹೇಳಬಾರದಿತ್ತೇನೋ ಎಂದು ಹೇಳುತ್ತಿರುವಾಗಲೇ ಅನಿಸಿತು.

ಅವರ ಮುಖ ಅರಳಿತು. ಡಸ್ಟರನ್ನು ನನ್ನ ಕೈಗೆ ಕೊಟ್ಟರು.

"ಹೌದೇನ್ರಿ? ಹಂಗಾದ್ರ ಅಳಸ್ರಿ." ಮಕ್ಕಳ ಕಡೆ ತಿರುಗಿ, "ಚಪ್ಪಾಳಿ ಹೊಡೀರಿ. ಇವತ್ತ ನಮ್ಮ ಶಾಲ್ಯಾಗ ಒಂದು ತಪ್ಪು ಕಮ್ಮಿ ಆತು!"

ಮಕ್ಕಳು ಚಪ್ಪಾಳೆ ಹೊಡೆದರು. ತಪ್ಪು ತೋರಿಸಿದ್ದಕ್ಕೆ ಅಷ್ಟು ಸಂತೋಷಪಟ್ಟ ಮನುಷ್ಯರನ್ನು ವಿಶ್ವವಿದ್ಯಾಲಯದಲ್ಲಿಯೂ ನಾನು ಕಂಡಿರಲಿಲ್ಲ. ಆಮೇಲೆ ಅದು ನಮ್ಮ ಶಾಲೆಯ ಮಾತೇ ಆಯಿತು. ಸಾರಿಗೆ ಉಪ್ಪು ಹೆಚ್ಚಾಗಿದ್ದರೂ ಮಕ್ಕಳು "ಹಂಗಾದ್ರ ಅಳಸ್ರಿ" ಎನ್ನುತ್ತಿದ್ದವು. ಪ್ಲೂಟೋವನ್ನು ಗ್ರಹಗಳ ಸಾಲಿನಿಂದ ತೆಗೆದ ವರ್ಷ, ಗೋಡೆಯ ಚಿತ್ರದಲ್ಲಿ ಅದರ ಮೇಲೆ ಸುಣ್ಣ ಬಳಿಯುವಾಗ ನಾಲ್ಕನೆಯ ತರಗತಿಯ ಒಬ್ಬ ಹುಡುಗಿ ಅತ್ತುಬಿಟ್ಟಳು. ಅಕ್ಕೋರು ಕುಂಚ ಕೆಳಗಿಟ್ಟು ಅವಳನ್ನು ಹತ್ತಿರ ಕರೆದರು. "ಯಾಕ ಅಳತಿ? ಅದಕ್ಕ ಗೊತ್ತಾ ಇಲ್ಲ ಬಿಡು. ತನ್ನ ಪಾಡಿಗೆ ತಾ ತಿರಗಾಕತ್ತೈತಿ."

ತನ್ನ ಪಾಡಿಗೆ ತಾನು ತಿರುಗುವುದು. ಆ ಮಾತಿನ ಹಿಂದೆ ಏನಿತ್ತು ಎಂಬುದು ಅವರ ಮನೆಗೆ ಹೋದ ಮೇಲೆ ತಿಳಿಯಿತು.

ಶಾಲೆಯ ಪಕ್ಕದ ಬಾಡಿಗೆ ಸಾಲಿನಲ್ಲಿ ಒಂದು ಕೋಣೆ. ಅಕ್ಕೋರು, ಅವರ ಅವ್ವ, ಇಬ್ಬರೇ. ಅಕ್ಕೋರಿಗೆ ಮದುವೆಯಾಗಿರಲಿಲ್ಲ. ಅವ್ವನನ್ನು ಸಾಲಿನವರೆಲ್ಲ ಅಜ್ಜಿ ಎನ್ನುತ್ತಿದ್ದರು. ಸಣ್ಣ ಜೀವ, ಒಣಗಿದ ಬಾರೆಹಣ್ಣಿನಂಥ ಮುಖ. ನನಗೆ ರೊಟ್ಟಿ ಬಡಿಸುತ್ತ, ಮಗಳ ಎದುರಿನಲ್ಲೇ, ಹವಾಮಾನದ ಸುದ್ದಿ ಹೇಳಿದಂತೆ ಹೇಳಿದಳು: "ಈಕಿ ಬಾಯಿ ನಾನ ಸೀಳೇನ್ರೀ ಸರ್. ಈಳಗಿ ಮುಂದ ಕುಂತು ಸೀಳೇನಿ."

ಆ ಮನೆಗೆ ಸವತಿಕಾಯಿ ಬರುತ್ತಿರಲಿಲ್ಲ. ಮದುವೆ ಊಟದಲ್ಲಿ ಎಲೆಗೆ ಕೋಸಂಬರಿ ಬಿದ್ದರೆ ಅಜ್ಜಿ ಅಷ್ಟು ಅನ್ನವನ್ನೂ ಪಕ್ಕಕ್ಕೆ ಸರಿಸುತ್ತಿದ್ದಳು. ಮಾವ, ಅತ್ತೆ, ಗಂಡ, ಓಣಿ, ಎಲ್ಲರೂ ಅವಳನ್ನು ದೂರಿ ದೂರಿ ಒಬ್ಬೊಬ್ಬರಾಗಿ ಸತ್ತಿದ್ದರು. ಈಗ ದೂರುವ ಕೆಲಸ ಅವಳ ಪಾಲಿಗೇ ಬಂದಿತ್ತು.

ಅಕ್ಕೋರು ಆಕಾಶದ ಹಿಂದೆ ಬಿದ್ದದ್ದು ಇದಕ್ಕಾಗಿ. ಅವ್ವನ ತಲೆಯ ಮೇಲಿಂದ ಆ ಗ್ರಹಣವನ್ನು ಇಳಿಸಬೇಕಿತ್ತು.

ಒಂದು ಸಂಜೆ ನನ್ನನ್ನು ಕರೆದುಕೊಂಡು ಸೈಬರ್ ಕೆಫೆಗೆ ಹೋದರು. ತಾವು ಹೊಟ್ಟೆಯಲ್ಲಿದ್ದ ತಿಂಗಳುಗಳಲ್ಲಿ ತಮ್ಮ ಊರಲ್ಲಿ ಗ್ರಹಣ ಕಂಡಿತ್ತೇ ನೋಡಿ ಹೇಳಬೇಕು. ಗ್ರಹಣಗಳ ಪಟ್ಟಿ, ನಕಾಶೆ, ಎಲ್ಲ ಸಿಕ್ಕಿತು. ಆ ಅವಧಿಯಲ್ಲಿ ಬಿದ್ದ ಸೂರ್ಯಗ್ರಹಣ ಒಂದೂ ನಮ್ಮ ದೇಶದಲ್ಲಿ ಕಾಣುವಂತಿರಲಿಲ್ಲ. ಅಕ್ಕೋರು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಮನೆಗೆ ಓಡಿದರು. ನಾನು ಹಿಂದಿನಿಂದ.

"ಅವ್ವಾ, ಗ್ರಹಣಾನ ಇರಲಿಲ್ಲ! ಸರ್ ಕಂಪ್ಯೂಟರಿನ್ಯಾಗ ನೋಡ್ಯಾರ."

ಅಜ್ಜಿ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ನಿಮ್ಮ ಕಂಪ್ಯೂಟರ್ ಆಗ ನಮ್ಮೂರಾಗ ಇತ್ತೇನು?"

"ಅಲ್ಲಬೇ, ಲೆಕ್ಕಾ ಹಾಕಿ—"

"ಕತ್ತಲಾಗಿತ್ತು. ಕೋಳಿ ಗೂಡಿಗೆ ಬಂದ್ವು. ನಾ ಕಂಡೇನಿ."

ಅಷ್ಟೇ. ದಟ್ಟ ಮೋಡ ಕವಿದಿರಬಹುದು, ಬೇರೆ ಯಾವುದೋ ವರ್ಷದ ಕತ್ತಲೆ ಬಂದು ಈ ನೆನಪಿಗೆ ಅಂಟಿರಬಹುದು ಎಂದು ಆಮೇಲೆ ಹೊರಗೆ ಬಂದು ನಾನು ಅಕ್ಕೋರಿಗೆ ವಿವರಿಸಿದೆ. ಮುದುಕಿಯ ಹಟಕ್ಕೆ ಸ್ವಲ್ಪ ನಕ್ಕೆ ಕೂಡ. ಅಕ್ಕೋರು ನಗಲಿಲ್ಲ.

"ಪುಸ್ತಕದಾಗ ಬರೀತಾರ್ರೀ ಸರ್, ಭೂಮಿ ನಡುವ ಇಲ್ಲ ಅಂತ ಗೊತ್ತಾಗಿ ಮನುಷ್ಯಾನ ಸೊಕ್ಕು ಇಳೀತು ಅಂತ. ಸೊಕ್ಕಿದ್ದವ್ರಿಗೆ ಇಳದಿರಬೇಕು. ನಮ್ಮವ್ವನಂಥವ್ರಿಗೆ ಭಾರ ಇಳೀಬೇಕಿತ್ತು. ನಡುವ ಕುಂತಾಗ ಸೂರ್ಯಾ, ಚಂದ್ರಾ ಎಲ್ಲಾ ನಮ್ಮನ್ನ ನೋಡಾಕತ್ತಾವು ಅನಸ್ತೈತಿ. ಒಂದು ಸವತಿಕಾಯಿ ಹೆಚ್ಚಿದ್ರೂ ಅವಕ್ಕ ಗೊತ್ತಾಕ್ಕೈತಿ. ಬದೀಗೆ ಸರದ್ರ ಯಾರೂ ನೋಡಾಂಗಿಲ್ಲ. ಎಷ್ಟು ಹಗುರ ನೋಡ್ರಿ! ಆ ಹಗುರಾನ ನಮ್ಮವ್ವನ ತನಾ ಮುಟ್ಟಸಾಕ ಆಗವಲ್ದು ನನಗ."

ಈ ಮಾತನ್ನು ಅವರು ಒಂದೇ ಉಸಿರಿಗೆ ಹೀಗೇ ಹೇಳಿದರೆಂದು ಪ್ರಮಾಣ ಮಾಡಲಾರೆ. ಕೊನೆಯ ವಾಕ್ಯ ಮಾತ್ರ ಅವರದೇ. ಅದನ್ನು ಹೇಳುವಾಗ ಅವರ ದನಿಯಲ್ಲಿ ಗಾಳಿ ಹೆಚ್ಚು ಸೋರಿತ್ತು.

ಎರಡು ಸಾವಿರದ ಹತ್ತರ ಜನವರಿಯಲ್ಲಿ, ಸಂಕ್ರಾಂತಿಯ ಮರುದಿನದ ಅಮಾವಾಸ್ಯೆಗೆ, ನಡು ಹಗಲಿನಲ್ಲೇ ಸೂರ್ಯಗ್ರಹಣ ಬಂತು. ಗೋವಾದಲ್ಲಿ ಪೂರ್ತಿ ಅಲ್ಲದಿದ್ದರೂ ಸೂರ್ಯನ ಬಹುಪಾಲು ಮುಚ್ಚುವಂಥದ್ದು. ಬಾಡಿಗೆ ಸಾಲಿನಲ್ಲಿ ಒಬ್ಬಳು ಬಸುರಿ ಇದ್ದಳು, ಟ್ರಕ್ ಡ್ರೈವರನ ಹೆಂಡತಿ ರೇಣುಕಾ, ಏಳು ತಿಂಗಳು. ಗ್ರಹಣದ ಬಿಸಿಲು ಬಸುರಿಯ ಮೈ ಮುಟ್ಟಬಾರದು. ಕಿಟಕಿ ಬಾಗಿಲು ಮುಚ್ಚಿ, ಸಂದಿಗೊಂದಿಗೆಲ್ಲ ಬಟ್ಟೆ ತುರುಕಿ, ಅವಳನ್ನು ಕತ್ತಲಲ್ಲಿ ಕೂರಿಸಬೇಕು. ರೇಣುಕಾಳ ಕೋಣೆಯ ಗೋಡೆಯೋ ಜರಡಿ. ಹೆಂಗಸರೆಲ್ಲ ಸೇರಿ ಶಾಲೆಯ ಕೋಣೆಯೇ ವಾಸಿ ಎಂದು ತೀರ್ಮಾನಿಸಿದರು. ಹಳೆಯ ಸೀರೆ, ಗೋಣಿಚೀಲ ತಂದು ಸಂದಿಗಳನ್ನೆಲ್ಲ ಮುಚ್ಚಿದರು. ಅಜ್ಜಿ ಮುಂದೆ ನಿಂತು ಮುಚ್ಚಿಸಿದಳು. ಅವಳಷ್ಟು ಭಯ ಬೇರೆ ಯಾರಿಗೂ ಇರಲು ಸಾಧ್ಯವಿರಲಿಲ್ಲ.

ಮಾಡಿನ ತೂತನ್ನು ಯಾರೂ ಮುಚ್ಚಲಿಲ್ಲ. ಮರೆತರೋ, ಅಕ್ಕೋರು ಮರೆಸಿದರೋ! ಆಮೇಲೆ ಎಷ್ಟು ಕೇಳಿದರೂ ಅವರು ನಕ್ಕು ಬಿಟ್ಟರು. ಆದರೆ ಹಿಂದಿನ ದಿನವೇ ಆ ಬಿಸಿಲಿನ ಚುಕ್ಕೆ ಸರಿಯುವ ದಾರಿಗೆ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದಿದ್ದರು. ರೇಣುಕಾಳನ್ನು ಆ ಗೆರೆಯಿಂದ ದೂರ, ಪಡುವಣ ಮೂಲೆಯಲ್ಲಿ ನೀರಿನ ಕೊಡಗಳ ಪಕ್ಕ ಕೂರಿಸಿದರು. ಕೊಡಗಳ ಮೇಲೆ ಗರಿಕೆ ಹಾಕಿತ್ತು.

ಬಾಗಿಲು ಮುಚ್ಚಿದರು. ಗ್ರಹಣಕ್ಕೆ ಹೆದರಿ ಬೆಳಕನ್ನೆಲ್ಲ ಹೊರಗಟ್ಟಿದ ಆ ಕತ್ತಲ ಕೋಣೆಯಲ್ಲಿ, ತಗಡಿನ ಒಂದೇ ತೂತಿನಿಂದ, ಗ್ರಹಣವೇ ಇಳಿದು ನೆಲದ ಮೇಲೆ ಕುಳಿತಿತ್ತು. ಆ ದುಂಡು ಚುಕ್ಕೆ ಸೂರ್ಯನದೇ ಬಿಂಬ; ಅದರ ಅಂಚನ್ನು ಯಾರೋ ಕಚ್ಚಿದಂತಿತ್ತು. ನೋಡ ನೋಡುತ್ತ ಅದು ಕುಡಗೋಲಾಯಿತು.

"ಇದ ಏನು ಗ್ರಹಣ?" ಎಂದಳು ಕತ್ತಲಲ್ಲಿ ಯಾರೋ.

"ಇದ," ಎಂದರು ಅಕ್ಕೋರು. "ಸೂರ್ಯಾನ ಮುಂದ ಚಂದ್ರಾ ಹಾದು ಹೊಂಟಾನ. ಬ್ಯಾರೆ ಏನೂ ಇಲ್ಲ."

ಹೆಂಗಸರು ಕಾಲು ಹಿಂದೆ ಎಳೆದುಕೊಂಡರು. ಒಬ್ಬಳು, "ಮನಿಯೊಳಗ ಬಂದು ಕುಂತೈತಲ್ಲಬೇ, ಚಾ ಕೊಡ್ರಿ ಅದಕ್ಕ" ಎಂದಳು. ಗ್ರಹಣದಲ್ಲಿ ಬಾಯಿಗೆ ಏನೂ ಹಾಕುವಂತಿಲ್ಲ. ಹಸಿದ ಹೊಟ್ಟೆಯಲ್ಲೇ ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಸೆರಗು ಮುಖದ ಮೇಲೆಳೆದು ಕುಳಿತಿದ್ದಳು.

ಎಷ್ಟು ಹೊತ್ತಾಯಿತೋ, ಕೂತು ಕೂತು ಕಾಲು ಜೋಮು ಹಿಡಿದಿರಬೇಕು, ರೇಣುಕಾ ಕತ್ತಲಲ್ಲೇ ಸರಿದು ಕುಳಿತಳು. ಆಮೇಲೆ ಅವಳು ಕಿಟಾರನೆ ಕಿರುಚಿದ್ದು ಕೇಳಿತು. ಬೆಳಕಿನ ಕುಡಗೋಲು ಅವಳ ಸೀರೆಯ ಮೇಲೆ, ಹೊಟ್ಟೆಯ ಮೇಲೆ ಬಿದ್ದಿತ್ತು.

ಅಷ್ಟರಲ್ಲಿ ಒಂದು ಕೈ ಬಂತು. ಅಜ್ಜಿಯ ಕೈ. ಸೆರಗು ಜಾರಿತ್ತು. ಅಂಗೈ ಮೇಲೆ ಮಾಡಿ ಹೊಟ್ಟೆಗೂ ಬೆಳಕಿಗೂ ನಡುವೆ ಚಾಚಿದಳು. ಕುಡಗೋಲು ಹೊಟ್ಟೆಯಿಂದ ಎದ್ದು ಆ ಸುಕ್ಕುಗಟ್ಟಿದ ಅಂಗೈಯ ಮೇಲೆ ಕುಳಿತಿತು.

"ನನ್ನ ಮ್ಯಾಲ ಬೀಳಲಿ. ನಂದೇನೈತಿ ಇನ್ನ."

ಬೆಳಕು ಸರಿದಂತೆ ಅವಳೂ ಕೈ ಸರಿಸಿದಳು. ಅಕ್ಕೋರು ಪಕ್ಕಕ್ಕೆ ಬಂದು, "ಸಾಕಬೇ, ಕೈ ನೋಯ್ತೈತಿ" ಎಂದರು. "ಸುಮ್ಮ ಕುಂದ್ರು" ಎಂದಳು. ಅಕ್ಕೋರು ಅವಳ ಮೊಣಕೈಗೆ ತಮ್ಮ ಕೈ ಆಸರೆ ಕೊಟ್ಟು ಕುಳಿತರು. ರೇಣುಕಾ ಒಂದು ಗೇಣು ಸರಿದಿದ್ದರೆ ಮುಗಿಯುತ್ತಿತ್ತು. ಯಾರಿಗೂ ಹೊಳೆಯಲಿಲ್ಲ, ಎಂಎಸ್ಸಿ ಮಾಡಿದ ನನಗೂ ಇಲ್ಲ. ಅಕ್ಕೋರಿಗೆ ಹೊಳೆದಿರಬಹುದು. ಅವರು ಹೇಳಲಿಲ್ಲ.

ರೇಣುಕಾಳಿಗೆ ತವರಿನಲ್ಲಿ ನೋಡಿಕೊಳ್ಳುವವರಿರಲಿಲ್ಲ, ಹೆರಿಗೆ ಇಲ್ಲೇ ಆಯಿತು. ಹೆಣ್ಣುಮಗು. ತುಟಿ ಬಾಳೆಮೊಗ್ಗಿನ ಹಾಗೆ ನಯ. ಅಜ್ಜಿ ಆಸ್ಪತ್ರೆಗೆ ಹೋಗಿ ಅದರ ಮೇಲ್ತುಟಿಯ ಮೇಲೆ ಬೆರಳಾಡಿಸಿ ಬಂದಳಂತೆ.

ತೊಟ್ಟಿಲಿಗೆ ಹಾಕುವ ದಿನ ಮುಂಜಾನೆ ನಾನು ಅಕ್ಕೋರ ಮನೆಗೆ ಹೋದಾಗ ಅವರು ಬಾಗಿಲಲ್ಲೇ ನಿಂತಿದ್ದರು. ಒಳಗೆ ಬನ್ನಿ ಎನ್ನಲಿಲ್ಲ. ತುಟಿಯ ಮೇಲೆ ಬೆರಳಿಟ್ಟು ಒಳಗೆ ತೋರಿಸಿದರು.

ಅಜ್ಜಿ ಈಳಿಗೆಮಣೆಯ ಮುಂದೆ ಕುಳಿತಿದ್ದಳು. ಪಕ್ಕದ ಬುಟ್ಟಿಯಲ್ಲಿ ಎಳೆ ಸವತಿಕಾಯಿ. ಒಂದೊಂದನ್ನೇ ತೆಗೆದು, ತುದಿ ಕತ್ತರಿಸಿ, ತಿಕ್ಕಿ ಕಹಿ ತೆಗೆದು, ಸಣ್ಣಗೆ ಹೆಚ್ಚುತ್ತಿದ್ದಳು. ಅದೇನೂ ಮರೆತ ಕೈಯಲ್ಲ. ತೊಟ್ಟಿಲ ಊಟದ ಕೋಸಂಬರಿಗೆ. ಒಂದು ಹೋಳನ್ನು ಬಾಯಿಗೆ ಹಾಕಿಕೊಂಡು ಕರಕರ ಅಗಿದಳು. ನನ್ನನ್ನು ನೋಡಿ ಅಲ್ಲಲ್ಲಿ ಹಲ್ಲು ಬಿದ್ದ ಬಾಯಲ್ಲಿ ನಕ್ಕಳು.

"ಬರ್ರಿ ಸರ್. ಕೂಸಿನ ಬಾಯಿ ನೋಡೀರೇನು? ನನ್ನ ಕೈ ಅಡ್ಡ ಬಂತು, ಉಳೀತು. ಒಂದು ಕೆಡಸಿದ್ನಿ, ಒಂದು ಉಳಸಿದ್ನಿ. ಸಮ ಆತ್ರಿ."

ನನ್ನೊಳಗಿನ ಮಾಸ್ತರ ಎದ್ದು ನಿಂತ. ಬೆಳಕಿನಿಂದ ತುಟಿ ಸೀಳುವುದಿಲ್ಲ, ಏಳು ತಿಂಗಳಿಗೆ ತುಟಿ ಎಂದೋ ಕೂಡಿರುತ್ತದೆ, ಕೈ ಅಡ್ಡ ಬರದಿದ್ದರೂ ಈ ಮಗು ಹೀಗೇ ಹುಟ್ಟುತ್ತಿತ್ತು. ಅದಕ್ಕಿಂತ ಹೆಚ್ಚಿನದೊಂದಿತ್ತು: ಅಜ್ಜಿಯ ಲೆಕ್ಕ ಸರಿಯಾದರೆ ಅಕ್ಕೋರ ತುಟಿ ಸೀಳಿದ್ದು ಅವಳೇ ಎಂದು ಖಾಯಂ ಆಗುತ್ತಿತ್ತು. ಇಷ್ಟು ವರ್ಷ ಮಗಳು ಹೋರಾಡಿದ್ದು ಇದರ ವಿರುದ್ಧವೇ.

"ಅಜ್ಜಿ, ಅದು ಹಂಗಲ್ಲ—" ಎಂದು ಬಾಯಿ ತೆರೆದೆ.

ಅಕ್ಕೋರು ನನ್ನ ತೋಳು ಹಿಡಿದು ಹೊರಗೆ ಎಳೆದರು. ಅವರು ನನ್ನನ್ನು ಮುಟ್ಟಿದ್ದು ಅದೊಂದೇ ಸಲ. ಅಂಗಳದಲ್ಲಿ ಟ್ರಕ್ಕುಗಳ ಕೆಂಪು ಧೂಳು. ಒಳಗಿನಿಂದ ಸವತಿಕಾಯಿ ಹೆಚ್ಚುವ ಸಪ್ಪಳ ಬರುತ್ತಿತ್ತು.

"ಸರ್, ಇದೊಂದು ಅಳಸಬ್ಯಾಡ್ರಿ."

"ಅಲ್ಲ ಅಕ್ಕೋರ, ಹಾಗಾದರೆ ನಿಮ್ಮ ತುಟಿ…"

"ನಾ ಗ್ರಹಣದ ಮಗಳಾಗೇ ಇರ್ತೇನಿ, ಇರಲಿ. ನನಗ ರೂಢಿ ಐತಿ." ಕಣ್ಣು ಒರೆಸಿಕೊಳ್ಳಲಿಲ್ಲ. ನಗುತ್ತಿದ್ದರು, ಬಿಳಿ ಗೆರೆ ಒಂದು ಕಡೆಗೆ ಎಳೆದುಕೊಂಡಿತ್ತು. "ಆಕಿ ಸವತಿಕಾಯಿ ತಿನ್ನಾಕತ್ತಾಳ ನೋಡ್ರಿ."

ಅಜ್ಜಿ ಅದರ ಮರುವರ್ಷ ತೀರಿಕೊಂಡಳು. ನಾನು ಆಮೇಲೆ ಕುಡಚಡೆ ಬಿಟ್ಟೆ. ಅಕ್ಕೋರು ಮಕ್ಕಳಿಗೆ ಭೂಮಿ ನಿಂತಿದೆ ಎಂದು ಮೊದಲು ಸಾಧಿಸಿಕೊಟ್ಟು, ಆಮೇಲೆ ಅದನ್ನು ತಿರುಗಿಸುತ್ತಲೇ ಇದ್ದರು.

ಫೋನ್ ಬಂದ ರಾತ್ರಿ ನಿದ್ದೆ ಬಾರದೆ ಮರುದಿನ ಒಂದು ಹಾಳೆ ತೆಗೆದು ಲೆಕ್ಕ ಹಾಕಿದೆ. ಜನವರಿಯ ನಡುವಿನ ಸೂರ್ಯ, ಕುಡಚಡೆಯ ಅಕ್ಷಾಂಶ, ಮಾಡಿನ ಅಂದಾಜು ಎತ್ತರ, ಗ್ರಹಣ ಹೆಚ್ಚಿದ್ದ ಹೊತ್ತು. ಬಿಸಿಲು ಬೀಳಬೇಕಾದದ್ದು ಕೋಣೆಯ ಮೂಡಣ ಭಾಗದಲ್ಲಿ. ಹೊತ್ತು ಸರಿದಂತೆ ಅದು ಇನ್ನೂ ಮೂಡಣಕ್ಕೇ ಹೋಗಬೇಕು. ನನ್ನ ನೆನಪಿನಲ್ಲಿ ರೇಣುಕಾ ಕುಳಿತಿರುವುದು ಪಡುವಣ ಮೂಲೆಯಲ್ಲಿ, ಗರಿಕೆ ಹಾಕಿದ ಕೊಡಗಳಿಗೆ ಬೆನ್ನು ತಾಗಿಸಿ. ಅವಳು ಎಷ್ಟೇ ಸರಿದರೂ ಆ ಕುಡಗೋಲು ಅವಳನ್ನು ಮುಟ್ಟುವಂತಿಲ್ಲ. ಎರಡು ಸಲ ಹಾಕಿ ನೋಡಿದೆ. ಕೊಡಗಳು ಬೇರೆ ಕಡೆ ಇದ್ದಿರಬಹುದು. ದಿಕ್ಕು ನನಗೆ ತಿರುಗಿರಬಹುದು. ಅಕ್ಕೋರು ಆಮೇಲೆ ಹತ್ತು ಸಲ ಉಬ್ಬಿಸಿ ಹೇಳಿದ ಕತೆಯನ್ನೇ ನಾನು ಕಂಡದ್ದೆಂದು ಇಟ್ಟುಕೊಂಡಿರಲೂಬಹುದು.

ಹಾಳೆ ಮೇಜಿನ ಮೇಲೆಯೇ ಇದೆ. ಲೆಕ್ಕದಲ್ಲಿ ತಪ್ಪಿಲ್ಲ. ಮುದುಕಿಯ ಅಂಗೈಯ ಮೇಲೆ ಬೆಳಕು ಬಿದ್ದಿತ್ತು. ನಾ ಕಂಡೇನಿ.